ಮಬುಚಿ ಗ್ಯಾರೇಜಿನ ಕಿವಿ

ಗಂಡನ ಕಿವಿ ಮಂದವಾಗಿದೆ ಎಂಬುದು ಇಸೋಕೊಗೆ ಗೊತ್ತಾದದ್ದು ಒಂದು ಥರ್ಮಾಮೀಟರಿನಿಂದ. ಫೆಬ್ರವರಿಯ ಒಂದು ಬೆಳಿಗ್ಗೆ ತೊಕುಜಿಗೆ ಮೈ ಬೆಚ್ಚಗಿತ್ತು. ಥರ್ಮಾಮೀಟರು ಕಂಕುಳಿಗೆ ಸಿಕ್ಕಿಸಿಕೊಂಡು ಕೂತವನು ಅರ್ಧ ಗಂಟೆಯಾದರೂ ಏಳಲಿಲ್ಲ. ಅದು ಆಗಲೇ ಮೂರು ಸಲ ಪೀ ಪೀ ಎಂದು ಕೂಗಿ, ಬೇಸತ್ತು ಸುಮ್ಮನಾಗಿತ್ತು.

"ಏನ್ರೀ, ಇನ್ನೂ ಎಷ್ಟೊತ್ತು? ಕಾವು ಕೊಟ್ಟು ಮರಿ ಮಾಡಿಸ್ತೀರಾ?"

"ಇನ್ನೂ ಕೂಗಿಲ್ಲ ಕಣೇ," ಅಂದ ತೊಕುಜಿ.

ಇಸೋಕೊ ಕೈಯಲ್ಲಿದ್ದ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು. ನಾಲ್ಕು ತಿಂಗಳ ಲೆಕ್ಕ ಅವಳಿಗೆ ಒಂದೇ ಕ್ಷಣದಲ್ಲಿ ಬಿಡಿಸಿಕೊಂಡಿತು. ಅಕ್ಟೋಬರಿನಲ್ಲಿ ಗಿರಾಕಿಯೊಬ್ಬನ ಎಂಜಿನ್ನು ಇವನ ಕೈಯಲ್ಲೇ ಒಡೆದದ್ದು, ಆ ವಾರವೇ ಸೊಂಟನೋವೆಂದು ಗ್ಯಾರೇಜಿನ ಬಾಗಿಲಿಗೆ 'ರಜೆ' ಬೋರ್ಡು ಬಿದ್ದದ್ದು, ಆಮೇಲೆ ಬಂದವರನ್ನೆಲ್ಲ ಏನೇನೋ ನೆಪ ಹೇಳಿ ಸಾಗಹಾಕಿದ್ದು. ಸೊಂಟ ನೋಯುವವನು ಬೆಳಿಗ್ಗೆ ಎದ್ದು ಅಷ್ಟುದ್ದದ ಅಂಗಳದ ಹಿಮ ಗುಡಿಸುತ್ತಾನೆಯೇ?

ತೊಕುಜಿ ಮಬುಚಿಗೆ ಎಪ್ಪತ್ತೆರಡು. ಕಾನುಮಾ ಊರಿನಂಚಿನಲ್ಲಿ ನಲವತ್ತೈದು ವರ್ಷ ವೇಗದ ಕಾರುಗಳ ಎಂಜಿನ್ನು ಹದ ಮಾಡಿದವನು. ತೊಚಿಗಿ ಸೀಮೆಯ ಅರ್ಧ ರೇಸುಗಾರರು ಅವನಿಗೆ 'ಮೇಷ್ಟ್ರು' ಅನ್ನುತ್ತಿದ್ದರು. ಆದರೆ ಗ್ಯಾರೇಜು ಮನೆಗೆ ಅಂಟಿಕೊಂಡೇ ಇದ್ದರೂ ಇಸೋಕೊ ಆ ಗೋಡೆಯಾಚೆಗೆ ಚಹಾ ಕೊಡಲು ಬಿಟ್ಟರೆ ಕಾಲಿಟ್ಟವಳಲ್ಲ. ಅವಳದು ಹಾಡಿನ ಕಡೆ. ಊರಿನ ಸಮುದಾಯ ಭವನದಲ್ಲಿ ಹದಿಮೂರು ಹೆಂಗಸರ ಮೇಳ ಕಟ್ಟಿ ಮೂವತ್ತು ವರ್ಷದಿಂದ ಕೈಯೆತ್ತಿ ಹಾಡಿಸುತ್ತಿದ್ದಳು. ಪಕ್ಕದಲ್ಲಿ ಎಂಜಿನ್ನು ಅರಚಿದಾಗಲೆಲ್ಲ ಕಿಟಕಿ ಮುಚ್ಚುವುದು ಅವಳ ಸಂಸಾರದ ಅಭ್ಯಾಸವಾಗಿತ್ತು.

ಅದೇ ವಾರ ಚಿನಾತ್ಸು ಬಂದಳು. ಅಂಚೆ ಹಂಚುವ ಹುಡುಗಿ, ಮೂವತ್ತನಾಲ್ಕು ವರ್ಷ. ಇಡೀ ದಿನ ಕೆಂಪು ಪುಟಾಣಿ ವ್ಯಾನಿನಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರು ವೇಗದಲ್ಲಿ ಬೀದಿ ಸುತ್ತುವವಳು, ಭಾನುವಾರವಾದರೆ ತನ್ನ ಹಳದಿ ಬಣ್ಣದ ಹಳೇ ಟರ್ಬೊ ಕಾರು ಹತ್ತಿ ಬೇರೆಯೇ ಮನುಷ್ಯಳಾಗುತ್ತಿದ್ದಳು.

"ಮೇಷ್ಟ್ರೇ, ಏಪ್ರಿಲ್‌ನಲ್ಲಿ ತೊಬಿಶಿ ಟ್ರ್ಯಾಕಿನ ಸ್ಪರ್ಧೆ. ನನ್ನ ಅತ್ಯುತ್ತಮ ಸುತ್ತು ಒಂದು ನಿಮಿಷ ಮೂರು ಸೆಕೆಂಡು. ಒಂದು ನಿಮಿಷ ಎರಡರ ಒಳಗೆ ಬರ್ಬೇಕು. ನೀವೇ ಹದ ಮಾಡಿಕೊಡ್ಬೇಕು."

"ಅಕುತ್ಸು ಹತ್ರ ಹೋಗಮ್ಮ. ಅವನ ಹತ್ರ ಹೊಸ ಹೊಸ ಯಂತ್ರ ಇದೆ."

"ಅಕುತ್ಸು ನಿಮ್ಮ ಶಿಷ್ಯ ಅಲ್ವಾ? ಮರ ಇರುವಾಗ ಕೊಂಬೆ ಯಾಕೆ ಹಿಡೀಲಿ?"

"ಸೊಂಟ ನೋವು," ಅಂದ ತೊಕುಜಿ.

"ಕಿವಿ," ಅಂದಳು ಇಸೋಕೊ, ಚಹಾದ ಬಟ್ಟಲು ಇಡುತ್ತ.

ತೊಕುಜಿ ಹೆಂಡತಿಯ ಮುಖವನ್ನು ದುರುಗುಟ್ಟಿ ನೋಡಿದ. ಆಮೇಲೆ ಬಟ್ಟಲಿನೊಳಗೆ ನೋಡಿದ. ಆಮೇಲೆ ಹೆಗಲು ಇಳಿಬಿಟ್ಟ. ತಗ್ಗಿನ ಸದ್ದು ಕೇಳುತ್ತದೆ, ಎತ್ತರದ್ದು ಕೇಳುವುದಿಲ್ಲ, ಅಷ್ಟೇ ಎಂದ. ಅಷ್ಟೇ ಸಾಕಿತ್ತು ಅವನ ಕಸುಬು ಮುಳುಗಲು.

"ಅದೇನು ಅಂಥಾ ಸದ್ದು, ಕೇಳದೇ ಇದ್ರೆ ಆಗದೇ ಇರೋದು?" ಎಂದಳು ಇಸೋಕೊ. ನಲವತ್ತೈದು ವರ್ಷದಲ್ಲಿ ಅವಳು ಕೇಳಿದ ಮೊದಲ ಎಂಜಿನ್ ಪ್ರಶ್ನೆ ಅದು.

ತೊಕುಜಿ ಮೇಜಿನ ಮೇಲೆ ಎರಡೂ ಮುಷ್ಟಿ ಇಟ್ಟು ಹೇಳಿದ: "ಪಿಸ್ಟನ್ನು ಪೆಟ್ರೋಲು-ಗಾಳಿ ಮಿಶ್ರಣಾನ ಒತ್ತುತ್ತೆ. ಒತ್ತಿದಷ್ಟೂ ಜೋರು, ಒತ್ತಿದಷ್ಟೂ ಬಿಸಿ. ಕಿಡಿ ಬಿದ್ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಚ್ಚುಕಟ್ಟಾಗಿ ಹರೀಬೇಕು. ಆದ್ರೆ ಬಿಸಿ ಮಿತಿ ಮೀರಿದ್ರೆ, ಮೂಲೇಲಿ ಉಳಿದಿರೋದು ತನ್ನ ಸರದಿ ಬರೋ ತನಕ ಕಾಯಲ್ಲ. ತಾನೇ ಢಂ ಅನ್ನುತ್ತೆ. ಪಿಸ್ಟನ್ ನೆತ್ತಿ ಮೇಲೆ ಸುತ್ತಿಗೆ ಏಟು ಬಿದ್ದ ಹಾಗೆ. ಅದಕ್ಕೆ ನಾಕಿಂಗ್ ಅಂತೀವಿ."

"ಅಂದ್ರೆ ಮಿತ್ಸುಯೊ."

"ಯಾರು?"

"ನಮ್ಮ ಮೇಳದ ಮಿತ್ಸುಯೊ. ನಾನು ಕೈ ಎತ್ತೋ ಮುಂಚೆನೇ ಹಾಡೋಕೆ ಶುರು ಹಚ್ಚಿಕೊಳ್ತಾಳಲ್ಲ."

ಚಿನಾತ್ಸು ಚಹಾ ನೆತ್ತಿಗೇರಿ ಕೆಮ್ಮಿದಳು. ತೊಕುಜಿ ಮಾತ್ರ ನಗಲಿಲ್ಲ. ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡಿದ. "ನಿನಗೆ ಅದು ಹದಿಮೂರು ಜನರ ನಡುವೆ ಕೇಳಿಸುತ್ತಾ?"

"ಕೇಳಿಸೋದೇನು, ಹಲ್ಲು ಜುಮ್ಮೆನ್ನುತ್ತೆ."

ಹಾಗೆ ಶುರುವಾಯಿತು. ಗ್ಯಾರೇಜಿನಲ್ಲಿ ನೆಲಕ್ಕೆ ಹೂತ ದೊಡ್ಡ ಉರುಳೆಗಳಿದ್ದವು. ಕಾರಿನ ಗಾಲಿ ಅವುಗಳ ಮೇಲೆ ಎಷ್ಟು ವೇಗವಾಗಿ ತಿರುಗಿದರೂ ಕಾರು ನಿಂತಲ್ಲೇ ನಿಲ್ಲುತ್ತಿತ್ತು. ತೊಕುಜಿ ಎಂಜಿನ್ನಿಗೆ ಒಂದು ತಾಮ್ರದ ಕೊಳವೆ ಬಿಗಿದು, ಅದಕ್ಕೆ ರಬ್ಬರು ನಳಿಗೆ ಸಿಕ್ಕಿಸಿ, ಆ ನಳಿಗೆಯ ತುದಿಯನ್ನು ಕಿವಿ ಮುಚ್ಚುವ ದಪ್ಪ ಟೋಪಿಯೊಳಗೆ ಇಳಿಬಿಟ್ಟಿದ್ದ. ಇಸೋಕೊ ಏಪ್ರನ್ ಬಿಚ್ಚದೆಯೇ ಅದನ್ನು ತಲೆಗೇರಿಸಿಕೊಂಡು ಸ್ಟೂಲಿನ ಮೇಲೆ ಕೂತಳು. ತೊಕುಜಿ ಕಾರಿನಲ್ಲಿ ಕೂತು, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು, ಕಾಲೊತ್ತಿದ.

ಮೊದಲು ಅವಳಿಗೆ ಬರೀ ಗದ್ದಲ ಕೇಳಿಸಿತು. ಆಮೇಲೆ ಗದ್ದಲ ಬಿಡಿಸಿಕೊಳ್ಳುತ್ತ ಹೋಯಿತು. ಕೆಳಗೆ ಒಂದು ದಪ್ಪ ದನಿ, ಅದರ ಮೇಲೆ ನಾಲ್ಕು ದನಿ ಒಂದರ ಬೆನ್ನಿಗೊಂದು, ಎಲ್ಲಕ್ಕೂ ಮೇಲೆ, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಎಳೆಯುವ ಸಿಳ್ಳು. ಅಯ್ಯೋ, ಇದು ಹಾಡು! ನಲವತ್ತೈದು ವರ್ಷ ನಾನು ಕಿಟಕಿ ಮುಚ್ಚಿದ್ದು ಹಾಡಿಗೆ! ಮುದುಕಿಯ ರೋಮ ನೆಟ್ಟಗಾಯಿತು. ತೊಕುಜಿ ಲ್ಯಾಪ್‌ಟಾಪಿನಲ್ಲಿ ಕಿಡಿ ಇನ್ನೊಂದಿಷ್ಟು ಮುಂಚೆ ಬೀಳುವಂತೆ ಮಾಡಿದ, ಮತ್ತೆ ಕಾಲೊತ್ತಿದ. ಆಗ ಆ ದನಿಗಳ ನಡುವೆ ತಗಡಿನ ಡಬ್ಬಿಗೆ ನಾಲ್ಕು ಕಾಳು ಎಸೆದ ಹಾಗೆ, ಚಿರಿ ಚಿರಿ.

ಇಸೋಕೊ ಸ್ಟೂಲಿನಿಂದ ಜಿಗಿದು ಎರಡೂ ಕೈ ಎತ್ತಿದಳು. "ಮಿತ್ಸುಯೊ! ಮಿತ್ಸುಯೊ ಬಂದ್ಳು!"

ತೊಕುಜಿ ಕಾಲು ತೆಗೆದ. ಪರದೆ ನೋಡಿದ, ಎರಡು ಅಂಕಿ ಹಿಂದೆ ಸರಿಸಿದ, ಮತ್ತೆ ಒತ್ತಿದ. ಈಗ ಶುದ್ಧ. ಅವಳು ಬೆರಳು ಮಡಚಿ 'ಸರಿ' ಅಂದಳು. ಗಾಜಿನ ಹಿಂದೆ ಅವನ ಮುಖ ನಾಲ್ಕು ತಿಂಗಳ ಮೇಲೆ ಮೊದಲ ಸಲ ಅರಳಿತು.

ಮೂರು ವಾರದಲ್ಲಿ ಇಸೋಕೊಗೆ ಹುಚ್ಚೇ ಹಿಡಿಯಿತು. ಅಕ್ಕಿ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಗ್ಯಾರೇಜಿಗೆ ಓಡುವಳು. ಮೇಳಕ್ಕೆ ಉಗುರಿನಲ್ಲಿ ಗ್ರೀಸು ಇಟ್ಟುಕೊಂಡೇ ಹೋಗುವಳು. ರಸ್ತೆಯ ಮೇಲೆ ಹೋಗುವ ಬರುವ ಕಾರುಗಳನ್ನೆಲ್ಲ ಕಿವಿ ನಿಮಿರಿಸಿ ಕೇಳುವಳು. ಬೌದ್ಧ ಮಂದಿರದ ಅರ್ಚಕರು ಕಾರನ್ನು ದಿಬ್ಬ ಹತ್ತಿಸುತ್ತಿದ್ದಾಗ ಅಡ್ಡ ನಿಂತು, "ಸ್ವಾಮಿಗಳೇ, ನಿಮ್ಮ ಎಂಜಿನ್ನು ಶಿಸ್ತಿಲ್ಲದೆ ಮಂತ್ರ ಹೇಳ್ತಿದೆ, ತೋರಿಸಿ," ಎಂದಳಂತೆ. ಈರುಳ್ಳಿ ಬೆಳೆಯುವ ನೆರೆಯವನು ತನ್ನ ಹಳೇ ಪುಟ್ಟ ಲಾರಿಗೆ ಹೈ-ಒಕು ಎಂಬ ನೂರು ಆಕ್ಟೇನಿನ ದುಬಾರಿ ಪೆಟ್ರೋಲು ಹಾಕಿಸಿ ಕುದುರೆಯಾಗಿದೆ ಎಂದು ಜಂಬ ಕೊಚ್ಚಿದಾಗ ಅವಳು ಬಿದ್ದು ಬಿದ್ದು ನಕ್ಕಳು.

"ಅದಕ್ಕೇನು ಗೊತ್ತಾಗುತ್ತೆ ಮಾರಾಯಾ! ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ? ಆಕ್ಟೇನು ಅಂದ್ರೆ ಜೋರು ಅಲ್ಲ. ಎಷ್ಟು ಒತ್ತಿದ್ರೂ ಸಿಡುಕದೆ ಇರೋ ಗುಣ. ನಿನ್ನ ಲಾರಿ ಒತ್ತೋದೇ ಇಲ್ಲ, ಇನ್ನು ಸಿಡುಕೋದೆಲ್ಲಿ? ಸಾದಾ ತೊಂಬತ್ತರದ್ದೇ ಹಾಕು, ಸುಖವಾಗಿರುತ್ತೆ."

"ಇದನ್ನೆಲ್ಲ ಯಾವಾಗ ಕಲಿತ್ರಿ ಇಸೋಕೊ ಅವ್ರೇ?"

"ಮೊನ್ನೆ," ಎಂದಳು ಠೀವಿಯಿಂದ.

ಚಿನಾತ್ಸುವಿನ ಹಳದಿ ಕಾರು ಆ ನೂರರ ಪೆಟ್ರೋಲಿಗೇ ಎಂದು ಕೂದಲೆಳೆಯಷ್ಟು ಅಂತರದಲ್ಲಿ ಹದಗೊಂಡಿತು. ಟರ್ಬೊ ಎಷ್ಟು ಗಾಳಿ ತುರುಕಬಹುದೋ ಅಷ್ಟು, ಕಿಡಿ ಎಷ್ಟು ಮುಂಚೆ ಬೀಳಬಹುದೋ ಅಷ್ಟು. ಇನ್ನೊಂದು ಕೂದಲು ಆಚೆ ಹೋದರೆ ಕಾಳಿನ ಸದ್ದು.

ಸ್ಪರ್ಧೆಯ ದಿನ ತೊಬಿಶಿಯ ಬೆಟ್ಟದ ಬುಡದಲ್ಲಿ ಆಕಾಶ ತೊಳೆದಿಟ್ಟಂತಿತ್ತು. ಮಂಗಳವಾರದ ಹಾಡಿನ ಅಭ್ಯಾಸಕ್ಕೆ ಎರಡು ಸಲ ಚಕ್ಕರ್ ಹೊಡೆದ ತಪ್ಪಿಗೆ ಇಸೋಕೊ ಇಡೀ ಮೇಳವನ್ನೇ ಕರೆಯಬೇಕಾಗಿತ್ತು. ಹನ್ನೆರಡು ಹೆಂಗಸರು ಬಾಡಿಗೆ ಬಸ್ಸಿನಲ್ಲಿ ಬಂದಿಳಿದರು, ಬಿಸಿಲಿನ ಟೋಪಿ, ಒನಿಗಿರಿ ಅನ್ನದುಂಡೆಯ ಗಂಟು, ಸ್ಟ್ರಾಬೆರಿ ಬುಟ್ಟಿ ಸಮೇತ. ಹದಿಮೂರನೆಯವಳಾದ ಮಿತ್ಸುಯೊ ತನ್ನ ಬಟ್ಟೆ ಅಂಗಡಿಯ ಪುಟ್ಟ ಲಾರಿ ಓಡಿಸಿಕೊಂಡು ಹಿಂದೆ ಬಂದಳು. ಚಿನಾತ್ಸು ಹಿಂದಿನ ದಿನ ಅವಳ ಲಾರಿಗೆ ಖಾಲಿ ಕಬ್ಬಿಣದ ಕ್ಯಾನು ಹಾಕಿ, "ಬರ್ತಾ ದಾರೀಲಿ ಪೆಟ್ರೋಲು ತುಂಬಿಸ್ಕೊಂಡು ಬನ್ನಿ, ಹೈ-ಒಕು, ಮರೀಬೇಡಿ," ಎಂದಿದ್ದಳು. ಮಿತ್ಸುಯೊ ಮಾತು ಮುಗಿಯುವ ಮುಂಚೆಯೇ ಹೂಂ ಎಂದಿದ್ದಳು.

ಟ್ರ್ಯಾಕಿನ ಬಳಿ ಅಕುತ್ಸು ಸಿಕ್ಕಿದ. ಐವತ್ತರ ಗುಂಡು ಮನುಷ್ಯ. ಹದಿನೆಂಟರಲ್ಲಿ ತೊಕುಜಿಯ ಶಿಷ್ಯನಾಗಿ ಸೇರಿ ಹತ್ತು ವರ್ಷ ಇಸೋಕೊ ಬಡಿಸಿದ್ದನ್ನು ಉಂಡವನು. ಈಗ ಅವನಿಗೆ ದೊಡ್ಡ ಅಂಗಡಿ, ಎದೆಯ ಮೇಲೆ ಹೆಸರು ಹೊಲಿದ ಅಂಗಿ.

"ಮೇಷ್ಟ್ರೇ, ಸೊಂಟ ಹೇಗಿದೆ?"

"ನಿನ್ನ ಹೊಟ್ಟೆಗಿಂತ ವಾಸಿ."

"ಅಮ್ಮಾವ್ರೂ ಬಂದಿದ್ದಾರೆ! ಹಾಡೋಕಾ?"

"ಕೇಳೋಕೆ ಕಣೋ," ಎಂದಳು ಇಸೋಕೊ.

ಬೆಳಗಿನ ಓಟದಲ್ಲಿ ಚಿನಾತ್ಸು ಒಂದು ನಿಮಿಷ ಎರಡು ಸೆಕೆಂಡು ಎಂಬತ್ತಕ್ಕೆ ಬಂದಳು. ಚೆನ್ನಾಗಿತ್ತು, ಸಾಲದಾಗಿತ್ತು. ಕಾರು ಬಾಣದಂತಿದೆ, ತಾನೇ ಹೆದರುತ್ತಿದ್ದೇನೆ ಎಂದು ಅವಳಿಗೇ ಗೊತ್ತು. ಕೊನೆಯ ಉದ್ದನೆಯ ಬಲ ತಿರುವು ಬಂದರೆ ಸಾಕು, ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಬಿಸಿಲೇರಿತು. ಬಿಸಿ ಗಾಳಿಯಲ್ಲಿ ಎಂಜಿನ್ನು ಬೇಗ ಸಿಡುಕುತ್ತದೆಂದು ತೊಕುಜಿ ಚಡಪಡಿಸಿದ. ಎರಡನೇ ಓಟದಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ಕೇಳಬೇಕಿತ್ತು. ಹೆಲ್ಮೆಟಿನೊಳಗೆ ಆ ದಪ್ಪ ಟೋಪಿ ಹಿಡಿಸುವುದಿಲ್ಲ. ಆಗ ಅಕುತ್ಸು ತನ್ನ ಪೆಟ್ಟಿಗೆಯಿಂದ ಎಂಜಿನ್ನಿಗೆ ಕಚ್ಚಿಸುವ ಪುಟ್ಟ ಮೈಕನ್ನೂ ಕಿವಿಗೆ ಸಿಕ್ಕಿಸುವ ತಂತಿಯನ್ನೂ ತಂದುಕೊಟ್ಟ.

"ಯಾರು ಕೂರ್ತಾರೆ?" ಎಂದು ಅವನು ಕೇಳುವಷ್ಟರಲ್ಲಿ ಇಸೋಕೊ ಹೆಲ್ಮೆಟ್ಟು ಹಾಕಿಕೊಂಡಾಗಿತ್ತು.

"ಲೇ, ನಿನಗೆ ಅರವತ್ತೆಂಟು!" ಎಂದ ತೊಕುಜಿ.

"ಕಾರಿಗೆ ವಯಸ್ಸು ಹೇಳಬೇಡಿ, ಅದಕ್ಕೆ ಗೊತ್ತಾಗಲ್ಲ."

ಚಿನಾತ್ಸು ಬರಿದಾಗಿದ್ದ ಟ್ಯಾಂಕಿಗೆ ಕ್ಯಾನಿನ ಪೆಟ್ರೋಲು ಸುರಿದುಕೊಂಡಳು, ಹದಿನೈದು ಲೀಟರು. ಐದು ಪಟ್ಟಿಯ ಬೆಲ್ಟಿನಲ್ಲಿ ಇಸೋಕೊಳನ್ನು ಮೂಟೆ ಕಟ್ಟಿದ ಹಾಗೆ ಕಟ್ಟಿದರು. ಕಾರು ಹೊರಟಿತು. ಮೇಳದವರು ಟೋಪಿ ಬೀಸಿದರು.

ಮೊದಲ ತಿರುವಿನಲ್ಲಿ ಇಸೋಕೊಳ ಹೊಟ್ಟೆ ಎಡಗಡೆ ಉಳಿದು ಮೈ ಬಲಕ್ಕೆ ಹೋಯಿತು. "ಅಯ್ಯಯ್ಯೋ ಅಯ್ಯಯ್ಯೋ!" ಎಂದು ಅವಳು ಕೂಗಿದ್ದು ಹೆದರಿಕೆಗೆಂದು ಚಿನಾತ್ಸು ಕಾಲು ಸಡಿಲಿಸಿದಳು. "ಯಾಕೆ ಬಿಟ್ಟೆ? ಇನ್ನೊಂದ್ಸಲ!" ಎಂದಳು ಮುದುಕಿ. ಎರಡನೇ ತಿರುವಿಗೆ ಅವಳು ನಗುತ್ತಿದ್ದಳು, ಮೂರನೆಯದಕ್ಕೆ ಅಳುತ್ತ ನಗುತ್ತಿದ್ದಳು. ನಲವತ್ತೈದು ವರ್ಷ ಗಂಡ ಊಟದ ಹೊತ್ತಿಗೆ ಬರದೆ ಇದ್ದದ್ದು ಯಾಕೆಂದು ಈಗ ತಿಳಿಯಿತು, ಒಂದೊಂದು ತಣ್ಣಗಾದ ಸಾರಿಗೂ ಅವಳು ಅಲ್ಲೇ ಕ್ಷಮೆ ಕೊಟ್ಟುಬಿಟ್ಟಳು. ಆಮೇಲೆ ನೇರ ರಸ್ತೆ ಬಂತು. ಚಿನಾತ್ಸು ಪೂರ್ತಿ ಕಾಲೊತ್ತಿದಳು, ಟರ್ಬೊ ಸಿಳ್ಳು ಹಾಕಿತು, ಮತ್ತು ಇಸೋಕೊಳ ಕಿವಿಯೊಳಗೆ ಆಲಿಕಲ್ಲು ಸುರಿಯಿತು.

ಚಿರಿ ಚಿರಿ ಅಲ್ಲ. ತಗಡಿನ ಮಾಡಿನ ಮೇಲೆ ಮೂಟೆ ಕಾಳು ಸುರಿದಂತೆ. ಹದಿಮೂರು ಮಿತ್ಸುಯೊಗಳು ಒಟ್ಟಿಗೆ.

"ಬಿಡು! ಕಾಲು ತೆಗಿ! ತೆಗಿಯೇ!" ಇಸೋಕೊ ಚಿನಾತ್ಸುವಿನ ತೊಡೆಗೆ ಪಟಪಟ ಹೊಡೆದಳು. ಚಿನಾತ್ಸು ಏನೂ ಕೇಳದೆ ಕಾಲು ತೆಗೆದಳು. ಕಾರು ನಿಧಾನವಾಗಿ ತೆವಳಿಕೊಂಡು, ತೊಕುಜಿ ಕಾಯುತ್ತಿದ್ದ ಪಿಟ್ಟಿಗೆ ಬಂತು.

ಕಾಳಿನ ಸದ್ದು ಎಂದು ತಿಳಿದು ತೊಕುಜಿಯ ಮುಖ ಬೂದಿಯಾಯಿತು. "ನನ್ನದೇ ತಪ್ಪು. ಕಿಡಿ ಜಾಸ್ತಿ ಮುಂದಿಟ್ಟೆ. ಮತ್ತೆ ಅದೇ ಮಾಡಿದೆ ನಾನು."

"ಅಲ್ಲ," ಎಂದಳು ಇಸೋಕೊ. "ನೀವು ಹದ ಮಾಡಿದ್ದನ್ನ ಮೂರು ವಾರ ಕೇಳಿದ್ದೀನಿ. ಬಿಸಿಲಿಗೆ ಒಂದೋ ಎರಡೋ ದನಿ ಜಾರಬಹುದು. ಇದು ಎಲ್ಲಾ ಜಾರಿದ್ದು. ಹಾಡು ಸರಿ ಇದೆ ರೀ, ಹಾಡೋರು ಬದಲಾಗಿದ್ದಾರೆ."

ಎಲ್ಲರೂ ಆ ಕಬ್ಬಿಣದ ಕ್ಯಾನನ್ನು ನೋಡಿದರು. ಆಮೇಲೆ ಎಲ್ಲರೂ ಮಿತ್ಸುಯೊಳನ್ನು ನೋಡಿದರು. ಮಿತ್ಸುಯೊ ಸ್ಟ್ರಾಬೆರಿ ತಿನ್ನುತ್ತಿದ್ದಳು.

"ಮಿತ್ಸುಯೊ, ಬಂಕ್‌ನಲ್ಲಿ ಏನಂತ ಕೇಳಿದೆ?"

"ಪೆಟ್ರೋಲು ಅಂತ. ಯಾವ್ದು ಅಂದ. ದಿನಾ ಹಾಕಿಸೋದೇ ಕೊಡಪ್ಪಾ ಅಂದೆ. ಯಾಕೆ, ಎರಡೂ ಉರಿಯೋದೇ ಅಲ್ವಾ?"

ಮಿತ್ಸುಯೊಳ ಕೈಯ ಸ್ಟ್ರಾಬೆರಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಚಿನಾತ್ಸು ಹೋಗಿ ಅವಳನ್ನು ತಬ್ಬಿಕೊಂಡಳು: "ಎಂಜಿನ್ನು ಉಳೀತಲ್ಲ ಬಿಡಿ ಆಂಟಿ. ಇಸೋಕೊ ಅಮ್ಮನ ಕಿವಿ ಇತ್ತಲ್ಲ."

ಕೊನೆಯ ಓಟಕ್ಕೆ ಇಪ್ಪತ್ತೈದು ನಿಮಿಷ ಇತ್ತು. ಬಂಕಿಗೆ ಹೋಗಿಬರಲು ನಲವತ್ತು ನಿಮಿಷ. ಟ್ಯಾಂಕಿನಿಂದ ಪೆಟ್ರೋಲು ಕೆಳಗಿಳಿಸಲು ಅಲ್ಲಿ ಅಪ್ಪಣೆಯಿಲ್ಲ. ಚಿನಾತ್ಸು ಕೈಗವಸು ಬಿಚ್ಚತೊಡಗಿದಳು. ಆಗ ಅಕುತ್ಸು ಹೊಟ್ಟೆ ಮುಂದೆ ಮಾಡಿಕೊಂಡು, ಒಂದು ಕ್ಯಾನು ಹೊತ್ತು ಬಂದ.

"ನನ್ನ ಹತ್ರ ನೂರರದ್ದು ಹತ್ತು ಲೀಟರ್ ಇದೆ ಮೇಷ್ಟ್ರೇ. ನಮ್ಮ ಹುಡುಗರ ಓಟ ಮುಗೀತು. ತಗೊಳ್ಳಿ."

ತೊಕುಜಿ ಬೆರಳು ಮಡಚಿದ. "ತೊಂಬತ್ತರದ್ದು ಹದಿನೈದು, ನೂರರದ್ದು ಹತ್ತು. ಸೇರಿದ್ರೆ ತೊಂಬತ್ನಾಲ್ಕರ ಹತ್ರ. ತೊಂಬತ್ನಾಲ್ಕಕ್ಕೆ ಈ ಎಂಜಿನ್ನು ಹದ ಮಾಡಿದವರು ಭೂಮಿ ಮೇಲೆ ಯಾರೂ ಇಲ್ಲ."

"ಇನ್ನು ಇಪ್ಪತ್ನಾಲ್ಕು ನಿಮಿಷದಲ್ಲಿ ಇರ್ತಾರೆ," ಎಂದಳು ಇಸೋಕೊ.

ತೊಕುಜಿ ಲ್ಯಾಪ್‌ಟಾಪು ಬಿಚ್ಚಿದ. ಕಣ್ಣುಮುಚ್ಚಿ, ನಲವತ್ತೈದು ವರ್ಷದ ಅಂದಾಜಿನ ಮೇಲೆ ಕಿಡಿಯನ್ನು ಹಿಂದೆ ಸರಿಸಿದ. ಉಳಿದದ್ದು ಟರ್ಬೊ ತುರುಕುವ ಗಾಳಿ. ಅದಕ್ಕೆ ಡ್ಯಾಶ್‌ಬೋರ್ಡಿನಲ್ಲೇ ಒಂದು ತಿರುಗುವ ಗುಂಡಿ ಇತ್ತು. ಹೆಂಡತಿಯ ಕೈ ಹಿಡಿದು ಅದರ ಮೇಲಿಟ್ಟ.

"ಎಡಕ್ಕೆ ತಿರುಗಿಸಿದ್ರೆ ಗಾಳಿ ಕಮ್ಮಿ, ಬಲಕ್ಕೆ ಜಾಸ್ತಿ. ಕಾಳಿನ ಸದ್ದು ಬಂದ್ರೆ ಎಡ. ಬರದಿದ್ರೆ ಒಂದೇ ಒಂದು ಕೂದಲು ಬಲ. ಮೊದಲನೇ ಸುತ್ತು ಪೂರ್ತಿ ಎಡದಿಂದ ಶುರು ಮಾಡು."

"ಗೊತ್ತಾಯ್ತು."

"ಇಸೋಕೊ." ಅವನು ಹೆಸರು ಹಿಡಿದು ಕರೆದದ್ದು ಎಷ್ಟೋ ವರ್ಷದ ಮೇಲೆ. "ನನಗೆ ಇಲ್ಲಿಂದ ಏನೂ ಕೇಳಿಸಲ್ಲ. ಎಲ್ಲಾ ನಿನ್ನದೇ."

"ಅಮ್ಮಾವ್ರನ್ನ ಇಳಿಸಿ ಹಗುರ ಮಾಡ್ಕೊಂಡು ಓಡಿಸೋದಲ್ವಾ?" ಎಂದ ಅಕುತ್ಸು ಚಿನಾತ್ಸುವಿಗೆ.

"ಅಮ್ಮ ಇಲ್ದಿದ್ರೆ ನಾನು ಹೋಗಲ್ಲ," ಎಂದಳು ಚಿನಾತ್ಸು.

ಮೊದಲ ಸುತ್ತಿನಲ್ಲಿ ಕಾರು ಬಸುರಿಯಂತೆ ಹೋಯಿತು. ಕಿವಿಯಲ್ಲಿ ದನಿಗಳು ಶುದ್ಧವಾಗಿದ್ದವು, ಆದರೆ ಯಾರೂ ಎದೆ ಬಿಚ್ಚಿ ಹಾಡುತ್ತಿರಲಿಲ್ಲ. ಇಸೋಕೊ ಗುಂಡಿಯನ್ನು ಒಂದು ಕೂದಲು ಬಲಕ್ಕೆ ಸರಿಸಿದಳು. ಎರಡನೇ ಸುತ್ತು: ಇನ್ನೊಂದು ಕೂದಲು. ಮೂರನೇ ಸುತ್ತಿನ ನೇರ ರಸ್ತೆಯಲ್ಲಿ ನಾಲ್ಕು ಕಾಳು ಉದುರಿದವು, "ಅವಸರ ಮಾಡ್ಬೇಡ್ರೇ!" ಎಂದು ಗದರಿ ಅರ್ಧ ಕೂದಲು ಎಡಕ್ಕೆ ತಂದಳು. ಕಾಳು ನಿಂತವು. ಅಲ್ಲಿಗೆ ಸಿಕ್ಕಿತು. ಆ ಬೆರಕೆ ಪೆಟ್ರೋಲು ಕೊಡಬಹುದಾದದ್ದೆಲ್ಲ ಕೊಡುತ್ತಿತ್ತು, ಒಂದು ಹನಿ ಬಾಕಿ ಇಟ್ಟುಕೊಳ್ಳದೆ, ಒಂದು ದನಿ ಮುಂದೋಡದೆ. ಇಸೋಕೊಳ ಬಲಗೈ ಗುಂಡಿಯ ಮೇಲೆ, ಎಡಗೈ ತಾನಾಗಿಯೇ ಮೇಲೆದ್ದು ತಾಳ ಹಾಕತೊಡಗಿತು. ಅವಳು ಹಾಡುತ್ತಿದ್ದಳು. ಏನು ಹಾಡು ಎಂದು ಆಮೇಲೆ ಕೇಳಿದರೆ ಅವಳಿಗೂ ನೆನಪಿಲ್ಲ.

"ಅಮ್ಮಾ, ಕಾರು ಬೆಳಿಗ್ಗೆಯಷ್ಟು ಎಳೀತಿಲ್ಲ!" ಎಂದು ಕೂಗಿದಳು ಚಿನಾತ್ಸು.

"ಎಳಿಯೋದಿಲ್ಲ! ಇದರ ಹತ್ರ ಇರೋದೇ ಇಷ್ಟು! ಇರೋದನ್ನ ಚೆಲ್ಲಬೇಡ!"

ಚೆಲ್ಲಬೇಡ. ನೇರದಲ್ಲಿ ಗಳಿಸಲಾಗದ್ದನ್ನು ತಿರುವಿನಲ್ಲಿ ಕಳೆಯಬಾರದು. ಕೊನೆಯ ಬಲ ತಿರುವು ಬಂತು. ಚಿನಾತ್ಸುವಿನ ಕಾಲು ಎಂದಿನಂತೆ ಬ್ರೇಕಿನ ಕಡೆ ಹೊರಟಿತು. ಪಕ್ಕದಲ್ಲಿ ಎಪ್ಪತ್ತರ ಹತ್ತಿರದ ಹೆಂಗಸೊಬ್ಬಳು ಕೈ ಆಡಿಸುತ್ತ, ಗಂಟಲು ಬಿಚ್ಚಿ, ತಾರಕದಲ್ಲಿ ಹಾಡುತ್ತಿದ್ದಳು. ಚಿನಾತ್ಸುವಿಗೆ ಅಂಥ ನಗು ಬಂತೆಂದರೆ ಹೆದರಿಕೊಳ್ಳುವುದೇ ಮರೆತುಹೋಯಿತು. ಕಾಲು ಬ್ರೇಕು ಮುಟ್ಟದೆ ಹಾಗೇ ನಿಂತಿತು. ಟೈರುಗಳು ಕೀರಲಾಗಿ ಕೂಗಿದವು, ಕಾರು ಅಡ್ಡಡ್ಡ ಜಾರಿತು, ರಸ್ತೆಯಂಚಿನ ಕೆಂಪು ಬಿಳಿ ಪಟ್ಟಿ ನೆಕ್ಕಿತು, ನೆಟ್ಟಗಾಯಿತು, ಗೆರೆ ದಾಟಿತು.

ಪಿಟ್ಟಿನ ಗೋಡೆಯ ಬಳಿ ಅಕುತ್ಸು ಸಮಯದ ಫಲಕ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಮೇಷ್ಟ್ರ ಭುಜ ಹಿಡಿದು ಅಲುಗಾಡಿಸಿ, ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದ: ಒಂದು ನಿಮಿಷ, ಒಂದು ಸೆಕೆಂಡು, ತೊಂಬತ್ತಾರು.

ತೊಕುಜಿ ಅಲ್ಲೇ ಟೈರಿನ ರಾಶಿಯ ಮೇಲೆ ಕೂತುಬಿಟ್ಟ. ಮೇಳದ ಹದಿಮೂರು ಜನಕ್ಕೆ ಆ ಅಂಕಿಯ ತಲೆ ಬುಡ ಗೊತ್ತಾಗದಿದ್ದರೂ, ಅಕುತ್ಸು ಕುಣಿದದ್ದು ನೋಡಿ ತಾವೂ ಕುಣಿದರು. ಎಲ್ಲರಿಗಿಂತ ಮುಂಚೆ ಕುಣಿದವಳು ಮಿತ್ಸುಯೊ.

ಕಾರಿನಿಂದ ಇಸೋಕೊಳನ್ನು ಬಿಚ್ಚಿ ತೆಗೆದರು. ಚಿನಾತ್ಸು ಅವಳನ್ನು ಎತ್ತಿ ಎರಡು ಸುತ್ತು ತಿರುಗಿಸಿದಳು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಸಂಘಟಕರ ವಿನಯದ ದನಿ ಬಂತು: ಹಳದಿ ಕಾರಿನ ಸುತ್ತು ಅದ್ಭುತ, ಅಭಿನಂದನೆ, ಆದರೆ ಪಕ್ಕದಲ್ಲಿ ಜನ ಕೂರಿಸಿಕೊಂಡ ಓಟ ಸ್ಪರ್ಧೆಯ ಪಟ್ಟಿಗೆ ಸೇರುವುದಿಲ್ಲ ಎಂಬುದು ನಿಯಮ, ದಯವಿಟ್ಟು ಕ್ಷಮಿಸಬೇಕು.

ಚಿನಾತ್ಸು ಇಸೋಕೊಳ ಮುಖ ನೋಡಿದಳು, ಇಸೋಕೊ ಚಿನಾತ್ಸುವಿನ ಮುಖ ನೋಡಿದಳು. ಯಾರು ಮೊದಲು ನಕ್ಕರೋ ತಿಳಿಯದು. ಇಬ್ಬರೂ ಡಾಂಬರಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಟ್ಟಿ ಯಾರಿಗೆ ಬೇಕು, ನಾನು ಆ ತಿರುವಲ್ಲಿ ಬ್ರೇಕು ಒತ್ತಲಿಲ್ಲ! ಒತ್ತಲಿಲ್ಲ ಅಮ್ಮಾ!" ಎಂದು ಚಿನಾತ್ಸು ಹೇಳಿದ್ದನ್ನೇ ಹೇಳಿದಳು.

ತೊಕುಜಿ ಅಕುತ್ಸುವನ್ನು ಪಕ್ಕಕ್ಕೆ ಕರೆದ. "ನಿನಗೊಂದು ಮಾತು ಹೇಳ್ಬೇಕು ಕಣಯ್ಯ. ನನಗೆ ಕಿವಿ ಹೋಗಿದೆ."

"ಗೊತ್ತು ಮೇಷ್ಟ್ರೇ. ಅಕ್ಟೋಬರ್‌ನಿಂದಲೇ ಗೊತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಎರಡು ಸಲ. ನಿಮಗೆ ಕೇಳಿಸ್ಲಿಲ್ಲ."

ತೊಕುಜಿ ಶಿಷ್ಯನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಆಮೇಲೆ ಇಬ್ಬರೂ ಹಲ್ಲು ಕಿರಿದರು.

ಸಂಜೆಗೆ ಮುಂಚೆ ಒಂದು ಗಂಟೆ ಟ್ರ್ಯಾಕು ಎಲ್ಲರಿಗೂ ಮುಕ್ತವಿತ್ತು. ಮೇಳದವರೆಲ್ಲ ಹಳದಿ ಕಾರಿನೆದುರು ಸಾಲು ನಿಂತರು. ಇಸೋಕೊ ಬಿಚ್ಚಿದ ಹೆಲ್ಮೆಟ್ಟು ತಲೆಯಿಂದ ತಲೆಗೆ ಹೋಯಿತು. ಹತ್ತಲಾರೆ, ಮುಖ ತೋರಿಸಲಾರೆ ಎಂದು ಹಟ ಹಿಡಿದ ಮಿತ್ಸುಯೊಳನ್ನು ಇಸೋಕೊಳೇ ಒಳಕ್ಕೆ ದಬ್ಬಿ ಬೆಲ್ಟು ಬಿಗಿದಳು. ಕಾರು ಹೊರಡುವ ಮುಂಚೆಯೇ ಅವಳು ಕಿರುಚಿದಳು.

ಸೋಮವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆಯಿತು. ಒಂಬತ್ತಕ್ಕೇ ಅಕುತ್ಸು ನೀಲಿ ಕಾರೊಂದನ್ನು ಟ್ರಕ್ಕಿನ ಮೇಲೆ ಹೇರಿಕೊಂಡು ಬಂದಿದ್ದ, ತಲೆ ಕೆರೆದುಕೊಳ್ಳುತ್ತ.

"ಅಮ್ಮಾವ್ರೇ, ನನ್ನ ಯಂತ್ರ ನಾಕಿಂಗ್ ಇದೆ ಅನ್ನುತ್ತೆ, ನನಗೆ ಇಲ್ಲ ಅನ್ನಿಸುತ್ತೆ. ಒಂಚೂರು ಕೇಳ್ತೀರಾ?"

"ಪೆಟ್ರೋಲು ಯಾವುದು?"

"ನೂರರದ್ದು, ಆಣೆಗೂ."

"ತಿಂಡಿ ತಿಂದ್ಯಾ?"

"ಇಲ್ಲ."

"ಬಾ ಮೊದಲು," ಎಂದು ಇಸೋಕೊ ಒಳಗೆ ಹೋದಳು. ಮೂವರಿಗೂ ಅನ್ನ, ಉಪ್ಪಿನ ಮೀನು, ಬಿಸಿ ಮಿಸೊ ಸಾರು ಬಡಿಸಿದಳು. ಗಂಡಸರಿಬ್ಬರೂ ನೀಲಿ ಕಾರಿನ ಮಾತಿಗೆ ಬಿದ್ದು ಸಾರು ಮುಟ್ಟಲೇ ಇಲ್ಲ. ಅದು ಆರುತ್ತಿರುವುದನ್ನು ನೋಡಿಯೂ ಇಸೋಕೊ ಬೈಯಲಿಲ್ಲ, ಯಾಕೆಂದರೆ ಅವಳದೂ ಆರುತ್ತಿತ್ತು.